ಮಣಿಕೊಂಡದಿಂದ ಬಾಗಲಕೋಟೆಗೆ ವಿಮಾನ

ಬಾಗಲಕೋಟೆಗೆ ವಿಮಾನ ನಿಲ್ದಾಣವಿಲ್ಲ. ಹೈದರಾಬಾದಿನಿಂದ ಅಲ್ಲಿಗೆ ಹೋಗಬೇಕೆಂದರೆ ರಾತ್ರಿ ಬಸ್ಸು ಹತ್ತಬೇಕು, ಇಲ್ಲವೆ ರೈಲು ಹಿಡಿಯಬೇಕು. ಹೀಗಿದ್ದೂ ಕಳೆದ ಒಂದೂವರೆ ವರ್ಷದಲ್ಲಿ ನಾನು ಮಣಿಕೊಂಡದ ಮಗನ ಮನೆಯಲ್ಲಿ ಕೂತುಕೊಂಡೇ ಕಡಿಮೆಯೆಂದರೂ ನಲವತ್ತು ಸಲ ಬಾಗಲಕೋಟೆಯ ಮೇಲೆ ಹಾರಿ ಬಂದಿದ್ದೇನೆ. ಟಿಕೇಟಿಗೆ ಒಂದು ಪೈಸೆ ಖರ್ಚಾಗಿಲ್ಲ.

ಇದು ಮೊಮ್ಮಗ ಹಚ್ಚಿದ ಚಟ. ಜಿಯೋಎಫ್‌ಎಸ್ ಎಂಬ ಆಟವೊಂದಿದೆ. ಆಟ ಎಂದರೆ ಅವನು ಒಪ್ಪುವುದಿಲ್ಲ, 'ಸಿಮ್ಯುಲೇಟರ್ ಅಜ್ಜಾ' ಎಂದು ತಿದ್ದುತ್ತಾನೆ. ಕಂಪ್ಯೂಟರಿಗೆ ಏನನ್ನೂ ತುಂಬಿಕೊಳ್ಳಬೇಕಾಗಿಲ್ಲ. ಪೇಪರ್ ಓದಲು ತೆರೆಯುವ ಬ್ರೌಸರಿನಲ್ಲೇ ಇದೂ ತೆರೆಯುತ್ತದೆ. ಜಗತ್ತಿನ ಯಾವ ವಿಮಾನ ನಿಲ್ದಾಣವನ್ನಾದರೂ ಆರಿಸಿಕೊಂಡು, ಬೇಕಾದ ವಿಮಾನ ಹತ್ತಿ ಹೊರಡಬಹುದು. ಕೆಳಗೆ ಕಾಣುವ ನೆಲ ಯಾರೋ ಕಲ್ಪಿಸಿ ಬಿಡಿಸಿದ್ದಲ್ಲ. ಉಪಗ್ರಹ ತೆಗೆದ ನಿಜವಾದ ಚಿತ್ರ. ಗುಡ್ಡ ಇರುವಲ್ಲಿ ಗುಡ್ಡ, ಹೊಳೆ ಇರುವಲ್ಲಿ ಹೊಳೆ. ಮೊಮ್ಮಗನಿಗೆ ದೊಡ್ಡ ದೊಡ್ಡ ಜೆಟ್ ವಿಮಾನಗಳೇ ಬೇಕು. ನನಗೆ ಸೆಸ್ನಾ ಎಂಬ ಸಣ್ಣದು ಸಾಕು. ಅದು ನಿಧಾನವಾಗಿ ಹೋಗುತ್ತದೆ, ಕೆಳಗಿನದನ್ನು ನೋಡಲು ಪುರಸೊತ್ತು ಕೊಡುತ್ತದೆ.

ಶಂಷಾಬಾದಿನ ದೊಡ್ಡ ರನ್‌ವೇ 4,260 ಮೀಟರ್ ಉದ್ದದ್ದು, ಪೂರ್ವ-ಪಶ್ಚಿಮಕ್ಕೆ ಚಾಚಿದೆ. ಪಶ್ಚಿಮಕ್ಕೆ ಮುಖ ಮಾಡಿ ಏರಿ, ತುಸು ಎಡಕ್ಕೆ ತಿರುಗಿಸಿ, ದಿಕ್ಸೂಚಿಯನ್ನು ಸುಮಾರು 248 ಡಿಗ್ರಿಗೆ ಹಿಡಿದರೆ ಮುಂದೆ ಕೈ ಹಾಕುವ ಕೆಲಸವೇ ಇಲ್ಲ. ನೇರ ದಾರಿ ಸುಮಾರು 315 ಕಿಲೋಮೀಟರ್. ಸೆಸ್ನಾದಲ್ಲಿ ಒಂದೂವರೆ ಗಂಟೆಯ ಪಯಣ. ನಾರಾಯಣಪೇಟೆ ಎಡಗಡೆ ಸರಿಯುತ್ತದೆ. ಯಾದಗಿರಿಯ ಹತ್ತಿರ ಭೀಮಾ ನದಿ ಅಡ್ಡ ಬರುತ್ತದೆ. ಆಮೇಲೆ ಸುರಪುರದ ಕಲ್ಲುಗುಡ್ಡಗಳು, ಕರಿಮಣ್ಣಿನ ಬಯಲು, ಎಡಕ್ಕೆ ದೂರದಲ್ಲಿ ಕೃಷ್ಣೆ, ಕೊನೆಗೆ ಬಲಕ್ಕೆ ಆಲಮಟ್ಟಿ. ತೆಲಂಗಾಣ ಎಲ್ಲಿ ಮುಗಿಯಿತು, ಕರ್ನಾಟಕ ಎಲ್ಲಿ ಶುರುವಾಯಿತು ಎಂಬುದು ಮೇಲಿನಿಂದ ಗೊತ್ತೇ ಆಗುವುದಿಲ್ಲ. 1956ರ ನವೆಂಬರ್ 1ರವರೆಗೆ ಯಾದಗಿರಿಯೂ ನಾರಾಯಣಪೇಟೆಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು, ನಮ್ಮ ಬಾಗಲಕೋಟೆ ಮುಂಬಯಿ ರಾಜ್ಯದಲ್ಲಿತ್ತು. ಆ ದಿನ ಗೆರೆಗಳನ್ನು ಬದಲಿಸಿ ಬರೆದರು. ಮಣ್ಣಿನ ಬಣ್ಣ ಮಾತ್ರ ಅಂದೂ ಇಂದೂ ಒಂದೇ.

ಬ್ಯಾಂಕಿನಲ್ಲಿ ಆಯುಷ್ಯ ಕಳೆದವನಿಗೆ ಪುಕ್ಕಟೆ ಎಂದ ಕೂಡಲೇ ಅನುಮಾನ. ಸಾಲದ ಅರ್ಜಿಯ ಹಿಂದೆ ಜಾಮೀನು ಯಾರೆಂದು ನೋಡುವ ಹಾಗೆ ಇದರ ಹಿಂದೆ ಯಾರಿದ್ದಾರೆಂದು ಹುಡುಕಿದೆ. ಈ ಆಟವನ್ನು ಕಟ್ಟಿದವರು ಕ್ಸೇವಿಯರ್ ತಸ್ಸಾಂ ಎಂಬ ಫ್ರೆಂಚ್ ತಂತ್ರಜ್ಞ. 2010ರ ಸುಮಾರಿಗೆ ಅವರು ಇದನ್ನು ಶುರು ಮಾಡಿದಾಗ ಕೆಳಗಿನ ಭೂಮಿಯನ್ನು ಗೂಗಲ್ ಅರ್ಥ್‌ನ ಬ್ರೌಸರ್ ಪ್ಲಗಿನ್ ಒದಗಿಸುತ್ತಿತ್ತು. 2014ರ ಡಿಸೆಂಬರಿನಲ್ಲಿ ಗೂಗಲ್ ಆ ಪ್ಲಗಿನ್ ನಿಲ್ಲಿಸುವುದಾಗಿ ಸಾರಿತು. ಮಾಲೀಕ ಮನೆ ಖಾಲಿ ಮಾಡು ಎಂದರೆ ಬಾಡಿಗೆದಾರ ಏನು ಮಾಡಲಾದೀತು? ಮಣಿಕೊಂಡದ ಅರ್ಧ ಜನಕ್ಕೆ ಈ ಪ್ರಶ್ನೆ ಹೊಸದಲ್ಲ.

ಆ ಹೊತ್ತಿಗೆ ಸೀಸಿಯಂ ಎಂಬ ಇನ್ನೊಂದು ತಂತ್ರಾಂಶ ಸಿದ್ಧವಿತ್ತು. ಅಮೆರಿಕದ ಅನಾಲಿಟಿಕಲ್ ಗ್ರಾಫಿಕ್ಸ್ ಕಂಪನಿಯವರು ಉಪಗ್ರಹಗಳ ದಾರಿಯನ್ನು ತೋರಿಸಲೆಂದು 2011ರಲ್ಲಿ ಅದನ್ನು ಬರೆಯಲು ಆರಂಭಿಸಿದ್ದರು. ಪರಮಾಣು ಗಡಿಯಾರದಲ್ಲಿ ಬಳಸುವ ಸೀಸಿಯಂ ಧಾತುವಿನ ಹೆಸರನ್ನೇ ಅದಕ್ಕೆ ಇಟ್ಟರು. ಮರುವರ್ಷ ಅದರ ಸಂಕೇತವನ್ನೆಲ್ಲ ಎಲ್ಲರಿಗೂ ತೆರೆದಿಟ್ಟರು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಅದರ ಮೇಲೆ ತಮ್ಮದನ್ನು ಕಟ್ಟಬಹುದು. ಜಿಯೋಎಫ್‌ಎಸ್ ಈ ಬುನಾದಿಗೆ ಸ್ಥಳಾಂತರಗೊಂಡಿತು. ಆಟವೇ ಮುಕ್ತ ತಂತ್ರಾಂಶವಲ್ಲ, ಬುನಾದಿ ಮಾತ್ರ ಮುಕ್ತ. 2019ರಲ್ಲಿ ಸೀಸಿಯಂ ಬೇರೆ ಕಂಪನಿಯಾಯಿತು, 2024ರಲ್ಲಿ ಬೆಂಟ್ಲಿ ಸಿಸ್ಟಮ್ಸ್ ಅದನ್ನು ಕೊಂಡಿತು. ಆದರೆ ಒಮ್ಮೆ ತೆರೆದಿಟ್ಟ ಸಂಕೇತವನ್ನು ಮರಳಿ ಕಸಿದುಕೊಳ್ಳಲು ಬರುವುದಿಲ್ಲ. ಊರ ಚಾವಡಿಯ ಕಟ್ಟೆ ಇದ್ದ ಹಾಗೆ: ಗೌಡ ಬದಲಾದರೂ ಕೂತವರನ್ನು ಎಬ್ಬಿಸುವಂತಿಲ್ಲ.

ಇಂಥ ಕೆಲಸಕ್ಕೆ ಹೈದರಾಬಾದು ಪರದೇಶವೇನಲ್ಲ ಎಂಬುದೂ ನನಗೆ ಇಲ್ಲಿಗೆ ಬಂದ ಮೇಲೆಯೇ ತಿಳಿಯಿತು. ಮಣಿಕೊಂಡಕ್ಕೆ ಹತ್ತಿರದ ಗಚ್ಚಿಬೌಲಿಯ ಐಐಐಟಿಯಲ್ಲಿ 2012ರ ಅಕ್ಟೋಬರಿನಲ್ಲಿ ಮುಕ್ತ ಭೂನಕ್ಷೆ ತಂತ್ರಾಂಶಗಳ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಬಾಲಾನಗರದಲ್ಲಿರುವ ರಾಷ್ಟ್ರೀಯ ದೂರಸಂವೇದಿ ಕೇಂದ್ರ 2009ರಿಂದ 'ಭುವನ್' ನಡೆಸುತ್ತಿದೆ. ನಮ್ಮ ದೇಶದ ದೂರಸಂವೇದಿ ಉಪಗ್ರಹಗಳು ಕಳಿಸುವ ಚಿತ್ರಗಳು ಇಳಿಯುವುದು ಇಲ್ಲಿಗೆ ಸಮೀಪದ ಶಾದನಗರದಲ್ಲಿ. ಅಂದರೆ ನಾನು ಹಾಸಿಗೆ ಸುತ್ತಿಕೊಂಡು ಮಗನ ಊರಿಗೆ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮೂರಿನ ಚಿತ್ರ ಹೈದರಾಬಾದಿಗೆ ಬಂದು ಮುಟ್ಟಿತ್ತು.

ಮೊದಲ ಸಲ ಬಾಗಲಕೋಟೆಯ ಮೇಲೆ ಬಂದಾಗ ಮೊಮ್ಮಗ ಕೇಳಿದ, "ಅಜ್ಜಾ, ನಿಮ್ಮನಿ ಎಲ್ಲೈತಿ? ಇಕ್ಕಡನಾ?"

ಅವನ ಕನ್ನಡ ಹಾಗೆಯೇ, ಅರ್ಧ ಹಾದಿಯಲ್ಲಿ ತೆಲುಗಿಗೆ ಹೊರಳುತ್ತದೆ. ನಾನು ಬೆರಳಿಟ್ಟು ತೋರಿಸಿದೆ. ಬೆರಳ ಕೆಳಗೆ ನೀಲಿ ನೀರಿತ್ತು.

ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದರು. ಎತ್ತರ ಎಷ್ಟಿರಬೇಕೆಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2000ದ ಏಪ್ರಿಲ್ 25ರಂದು 519.60 ಮೀಟರ್ ಎಂದು ತೀರ್ಮಾನವಾಯಿತು. 2005ರಲ್ಲಿ ಅಣೆಕಟ್ಟು ಮುಗಿಯಿತು. ಘಟಪ್ರಭೆಯ ಗುಂಟ ಹಿನ್ನೀರು ಏರಿತು. ಹೊಳೆ ದಂಡೆಯ ನಮ್ಮ ಓಣಿ 'ಮುಳುಗಡೆ'ಗೆ ಹೋಯಿತು. ಈ ಶಬ್ದ ಬೇರೆ ಕಡೆ ಕ್ರಿಯೆಯ ಹೆಸರಿರಬಹುದು. ನಮ್ಮ ಕಡೆ ಅದು ಒಂದು ಕುಲದ ಹೆಸರಾಗಿದೆ. 'ಅವರು ಮುಳುಗಡೆಯವರು' ಎಂದರೆ ಸಾಕು, ಮುಂದಿನದನ್ನು ಯಾರೂ ಕೇಳುವುದಿಲ್ಲ. ಹಳೇ ಊರಿನವರಿಗಾಗಿ ನವನಗರ ಕಟ್ಟಿದರು. ಅದರ ನಕ್ಷೆ ಹಾಕಿದವರು ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಅಗಲವಾದ ರಸ್ತೆ, ಗಾಳಿ ಬೆಳಕು, ಎಲ್ಲವೂ ಹಳೇ ಊರಿಗಿಂತ ಅನುಕೂಲ. ಆದರೆ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಪಾಳಿ ಹಚ್ಚಿ ಹೋಳಿ ಆಡುತ್ತಿದ್ದ ಊರಿನವರು ಅಲ್ಲಿ ಸೆಕ್ಟರ್ ನಂಬರಿನವರಾದರು.

ಜಿಯೋಎಫ್‌ಎಸ್ ಪುಕ್ಕಟೆ ತೋರಿಸುವ ಚಿತ್ರ ಯುರೋಪಿನ ಸೆಂಟಿನೆಲ್ ಉಪಗ್ರಹದ್ದು. ಅದರ ಒಂದೊಂದು ಚುಕ್ಕೆ ನೆಲದ ಮೇಲೆ ಹತ್ತು ಮೀಟರ್. ಇನ್ನೂ ನಿಚ್ಚಳ ಬೇಕಾದವರು ವರ್ಷಕ್ಕಿಷ್ಟು ಚಂದಾ ಕಟ್ಟಬೇಕು. ನಮ್ಮ ಮನೆಯ ಅಗಲ ಇಪ್ಪತ್ತೆರಡು ಅಡಿ. ಇದ್ದಿದ್ದರೂ ಒಂದು ಚುಕ್ಕೆ ಪೂರ್ತಿ ತುಂಬುತ್ತಿರಲಿಲ್ಲ. ಅದು ನೆನಪಾದಾಗ ಒಂಥರಾ ಸಮಾಧಾನವೇ ಆಯಿತು.

ಆದರೆ ಹುಡುಗನ ಪ್ರಶ್ನೆ ಅಲ್ಲಿಯೇ ಉಳಿಯಿತು. ಎಲ್ಲಿತ್ತು? ತೋರಿಸು ಎಂದರೆ ತೋರಿಸಬೇಕಲ್ಲ. ಅದಕ್ಕಾಗಿ ಈ ವಯಸ್ಸಿನಲ್ಲಿ ಕ್ಯೂಜಿಐಎಸ್ ಕಲಿತೆ. 2002ರಲ್ಲಿ ಅಲಾಸ್ಕಾದ ಗ್ಯಾರಿ ಶೆರ್ಮನ್ ಎಂಬವರು ಆರಂಭಿಸಿದ ತಂತ್ರಾಂಶ ಅದು. ಈಗ ಜಗತ್ತಿನ ಮೂಲೆಮೂಲೆಯ ಜನ ಸೇರಿ ಬೆಳೆಸುತ್ತಿದ್ದಾರೆ. ಅದೂ ಮುಕ್ತ, ಅದೂ ಪುಕ್ಕಟೆ. ಹಳೆಯ ಕಾಗದದ ನಕ್ಷೆಯನ್ನು ಇಂದಿನ ಭೂಮಿಯ ಮೇಲೆ ಸರಿಯಾಗಿ ಹೊಂದಿಸಿ ಕೂಡಿಸುವ ಅನುಕೂಲ ಅದರಲ್ಲಿದೆ. ನಕ್ಷೆಯೂ ಸಿಕ್ಕಿತು. ಅಮೆರಿಕದ ಸೇನೆಯ ನಕ್ಷಾ ವಿಭಾಗ 1950ರ ದಶಕದಲ್ಲಿ ಭಾರತದ 1:2,50,000 ಪ್ರಮಾಣದ ಹಾಳೆಗಳನ್ನು ಮುದ್ರಿಸಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅವುಗಳನ್ನು ಎಲ್ಲರಿಗೂ ನೋಡಲು ಇಟ್ಟಿದೆ. ನಮ್ಮ ಓಣಿಯ ಸುಳಿವಿಗೆ ಸಮುದ್ರದಾಚೆಯ ಗ್ರಂಥಾಲಯದ ಬಾಗಿಲು ಬಡಿಯಬೇಕಾಯಿತು.

ಎರಡನ್ನೂ ಹೊಂದಿಸಲು ಕದಲದ ಗುರುತುಗಳು ಬೇಕು. ಆಗಿನ ಹಾಳೆಯಲ್ಲೂ ಇರಬೇಕು, ಇಂದಿನ ಚಿತ್ರದಲ್ಲೂ ಅದೇ ಜಾಗದಲ್ಲಿರಬೇಕು. ಬ್ಯಾಂಕಿನಲ್ಲಿ ಹೊಲ ಒತ್ತೆ ಇಟ್ಟುಕೊಳ್ಳುವಾಗ ಚಕ್ಕುಬಂದಿ ನೋಡುತ್ತಿದ್ದೆವು: ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಯಾವ ದಾರಿ. ಇದೂ ಹಾಗೆಯೇ. ಹೊಳೆಯ ತಿರುವನ್ನು ಹಿಡಿಯೋಣವೆಂದರೆ ಹೊಳೆ ಕೆರೆಯಾಗಿ ಹರಡಿದೆ. ದಂಡೆಯ ದಾರಿ ಹಿಡಿಯೋಣವೆಂದರೆ ಅದು ನೀರಿನೊಳಗೆ. ಕಡೆಗೆ ಗುಡ್ಡದ ನೆತ್ತಿಗಳನ್ನೂ ದೂರದ ದಾರಿಗಳು ಕೂಡುವ ಜಾಗಗಳನ್ನೂ ಹಿಡಿದು ಹಾಳೆಯನ್ನು ಕೂಡಿಸಿದೆ. ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್ ಇರುವ ಹಾಳೆಯಲ್ಲಿ ಓಣಿ ಕಾಣುವುದಿಲ್ಲ. ಊರು ಒಂದು ಸಣ್ಣ ಕಲೆಯ ಹಾಗೆ ಕಾಣುತ್ತದೆ, ಅಷ್ಟೆ. ಆ ಕಲೆಯ ತುದಿ ನೀಲಿ ನೀರಿನ ಮೇಲೆ ಬಂದು ಕೂತಿತು. "ನೋಡು, ಇಲ್ಲಿ" ಎಂದೆ. ಹುಡುಗ ನೋಡಿದ. "ಓಕೆ" ಎಂದ. ಅಷ್ಟು ದಿನದ ಕೆಲಸಕ್ಕೆ ಸಿಕ್ಕ ರಸೀದಿ ಅದು.

ಇದರ ಬೆನ್ನಿಗೇ ಓಪನ್‌ಸ್ಟ್ರೀಟ್‌ಮ್ಯಾಪ್ ಪರಿಚಯವಾಯಿತು. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ನಕ್ಷೆ. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ಬರೆಯಬಹುದು. ಮುಂಜಾನೆ ವಾಕಿಂಗ್ ಹೋದಾಗ ಮಣಿಕೊಂಡದ ಗಲ್ಲಿಗಳನ್ನು ಒಂದೊಂದಾಗಿ ಅದಕ್ಕೆ ಏರಿಸತೊಡಗಿದೆ. ಹೊಸ ಅಪಾರ್ಟ್‌ಮೆಂಟಿನ ಹಿಂದಿನ ಸಂದಿ, ಟಿಫಿನ್ ಸೆಂಟರ್, ಸಣ್ಣ ಗುಡಿ, ನೆಕ್ನಾಂಪುರ ಕೆರೆಯ ಕಡೆಯ ಕಾಲುದಾರಿ. ಪ್ರತಿಯೊಂದಕ್ಕೂ ಹೆಸರಿನ ಖಾನೆಯಿದೆ. ತೆಲುಗು ಹೆಸರಿಗೆ ಬೇರೆ, ಕನ್ನಡ ಹೆಸರಿಗೆ ಬೇರೆ. ಇಲ್ಲಿ ಮರ್ರಿಚೆಟ್ಟು ಎಂಬ ಚೌಕವಿದೆ. ಮರ್ರಿಚೆಟ್ಟು ಎಂದರೆ ಆಲದ ಮರ. ಅದರ ಕನ್ನಡ ಖಾನೆಯಲ್ಲಿ 'ಆಲದ ಮರ' ಎಂದು ಬರೆಯಲು ಕೈ ಹೋಗಲಿಲ್ಲ, 'ಮರ್ರಿಚೆಟ್ಟು' ಎಂದೇ ಬರೆದೆ. ಊರವರು ಕರೆಯುವುದೇ ಹೆಸರು. ಅರ್ಥ ಬಲ್ಲವರು ಅರ್ಥ ಮಾಡಿಕೊಳ್ಳಲಿ.

ಈ ನಕ್ಷೆಗೆ ಎರಡು ಕಟ್ಟುನಿಟ್ಟು. ಒಂದು, ಬೇರೆಯವರ ಹಕ್ಕಿನ ನಕ್ಷೆ ನೋಡಿ ನಕಲು ಮಾಡುವಂತಿಲ್ಲ. ಎರಡು, ನೆಲದ ಮೇಲೆ ಈಗ ಏನಿದೆಯೋ ಅದನ್ನೇ ಬರೆಯಬೇಕು, ಇನ್ನೊಬ್ಬರು ಹೋಗಿ ನೋಡಿದರೆ ಕಾಣಬೇಕು. ಇದ್ದದ್ದನ್ನು ಬರೆಯುವಂತಿಲ್ಲ. ಈ ಎರಡನೆಯದನ್ನು ಓದಿದ ದಿನ ನನಗೆ ಊಟ ರುಚಿಸಲಿಲ್ಲ. ಭಾಷೆ ಪೂರ್ತಿ ಬಾರದ, ಬಂದು ನಾಲ್ಕು ವರ್ಷವೂ ಆಗದ ಮಣಿಕೊಂಡದ ಗಲ್ಲಿಗೆ ಹೆಸರು ಬರೆಯುವ ಅಧಿಕಾರ ನನಗಿದೆ. ನಾಲ್ಕು ತಲೆಮಾರು ಬಾಳಿದ ಓಣಿಯ ಹೆಸರು ಬರೆಯುವ ಅಧಿಕಾರವಿಲ್ಲ.

ತಣ್ಣಗೆ ಯೋಚಿಸಿದರೆ ನಿಯಮ ಸರಿಯಾಗಿಯೇ ಇದೆ. ಆ ನಕ್ಷೆ ಹಿಡಿದು ಆಂಬುಲೆನ್ಸ್ ಹೋಗಬಹುದು. ಇಲ್ಲದ ಓಣಿಗೆ ಅದನ್ನು ಕಳಿಸಲಾದೀತೇ? ಚಾಲ್ತಿ ಖಾತೆಯ ಲೆಡ್ಜರಿನಲ್ಲಿ ಮುಚ್ಚಿದ ಖಾತೆಯನ್ನು ಯಾವ ಬ್ಯಾಂಕೂ ಇಡುವುದಿಲ್ಲ. ಮುಚ್ಚಿದ ಖಾತೆಗಳಿಗೆ ಬೇರೆ ಲೆಡ್ಜರ್ ಇರುತ್ತದೆ, ಇಲ್ಲಿಯೂ ಇದೆ. ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಎಂದು ಅದರ ಹೆಸರು. ಯಾವ ವರ್ಷದಿಂದ ಯಾವ ವರ್ಷದವರೆಗೆ ಇತ್ತು ಎಂದು ಹಾಕಿ ಅಲ್ಲಿ ಬರೆಯಬಹುದು. ನಮ್ಮ ಓಣಿಯನ್ನು ಅಲ್ಲಿ ಬರೆದೆ. ಆರಂಭದ ವರ್ಷ ಗೊತ್ತಿರಲಿಲ್ಲ, ಖಾಲಿ ಬಿಟ್ಟೆ. ಕೊನೆಯ ವರ್ಷ ಗೊತ್ತಿತ್ತು.

ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಅಷ್ಟರಲ್ಲಿ 2025ರ ಸೆಪ್ಟೆಂಬರ್ ಬಂತು. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತ್ತು. ಅದಕ್ಕೆ ಮುಳುಗುವ 75,563 ಎಕರೆಗೆ, ನೀರಾವರಿಯಾದರೆ ಎಕರೆಗೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ಪರಿಹಾರ ಕೊಡುವುದೆಂದು ಕರ್ನಾಟಕ ಸಂಪುಟ ಆ ತಿಂಗಳು ತೀರ್ಮಾನಿಸಿತು. ಮರುದಿನ ದೊಡ್ಡಪ್ಪನ ಮಗ ಫೋನ್ ಮಾಡಿದ. ಅವನು ನನಗಿಂತ ಆರು ವರ್ಷ ದೊಡ್ಡವನು, ಇನ್ನೂ ಹೊಲದಲ್ಲೇ ಇದ್ದಾನೆ.

"ತಮ್ಮಾ, ನೀ ಅಲ್ಲಿ ಕುಂತು ಕಂಪ್ಯೂಟರ್‌ನ್ಯಾಗ ಊರೆಲ್ಲಾ ನೋಡ್ತೀಯಂತಲ್ಲ. ನಮ್ಮ ಹೊಲ ಹೊಕ್ಕೈತೋ ಉಳಿತೈತೋ, ಅದನ್ನಷ್ಟ ಹೇಳು."

ಹೇಳಬಹುದೇನೋ ಎನಿಸಿತು. 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ, ರೇಡಾರಿನಿಂದ ನೆಲದ ಎತ್ತರ ಅಳೆದಿತ್ತು. ಆ ಎತ್ತರದ ಪಟ್ಟಿ ಈಗ ಮೂವತ್ತು ಮೀಟರಿಗೊಂದು ಲೆಕ್ಕದಂತೆ ಎಲ್ಲರಿಗೂ ಸಿಗುತ್ತದೆ. ಸುಪ್ರೀಂ ಕೋರ್ಟ್ ತೀರ್ಪಿಗೆ ಎರಡು ತಿಂಗಳು ಮೊದಲಿನ ಅಳತೆ ಅದು. ಆಗ ಹಿನ್ನೀರು ಈಗಿನ ಎತ್ತರಕ್ಕೆ ಏರಿರಲಿಲ್ಲ. ಅಂದರೆ ಈಗಿನ ಚಿತ್ರದಲ್ಲಿ ನೀರು ಕಾಣುವ ದಂಡೆಯ ಎಷ್ಟೋ ಕಡೆ ಆ ಪಟ್ಟಿಯಲ್ಲಿ ಇನ್ನೂ ಒಣ ನೆಲವಿದೆ. ಅದನ್ನು ಕ್ಯೂಜಿಐಎಸ್‌ಗೆ ಹಾಕಿ, 524ಕ್ಕಿಂತ ತಗ್ಗಿನದನ್ನೆಲ್ಲ ನೀಲಿ ಮಾಡು ಎಂದರೆ ಒಂದು ಕ್ಷಣದಲ್ಲಿ ನೀಲಿಯಾಗುತ್ತದೆ. ಮಾಡಿ ನೋಡಿದೆ. ಅಣ್ಣನ ಹೊಲದ ಅಂಚಿಗೆ ನೀಲಿ ಬಂದು ನಿಂತಿತ್ತು. ಒಂದು ಮೂಲೆಯಲ್ಲಿ ಒಳಗೂ ಬಂದಿತ್ತು.

ಆದರೆ ಆ ಅಳತೆಯಲ್ಲಿ ಹದಿನಾರು ಮೀಟರಿನವರೆಗೆ ಹೆಚ್ಚುಕಡಿಮೆ ಇರಬಹುದೆಂದು ಅಳೆದವರೇ ಮಿತಿ ಹಾಕಿಕೊಂಡಿದ್ದರು. ಬಹಳ ಕಡೆ ಅದಕ್ಕಿಂತ ಚೆನ್ನಾಗಿಯೇ ಬಂದಿದೆ. ಆದರೂ ಈಗಿನ ಮಟ್ಟಕ್ಕೂ ಹೊಸ ಮಟ್ಟಕ್ಕೂ ಇರುವ ವ್ಯತ್ಯಾಸ ಬರೇ 4.656 ಮೀಟರ್. ಅದನ್ನು ನಿರ್ಧರಿಸುವ ತಕ್ಕಡಿ ಇದಲ್ಲ. ಬಂಗಾರ ತೂಗಲು ಜೋಳದ ತಕ್ಕಡಿ ತರಬಾರದು. ಅದಕ್ಕೆ ಗುರುತಿನ ಕಲ್ಲಿನಿಂದ ಹಿಡಿದು, ಸರ್ವೆಯವರು ಹೊಲದಲ್ಲಿ ನಿಂತು ಮಟ್ಟ ಅಳೆಯಬೇಕು. ನನ್ನ ಪರದೆಯ ಮೇಲಿನ ನೀಲಿಯನ್ನು ನಂಬಿ ಅವನು ಒಂದು ಬಾವಿ ತೋಡಿಸುವುದನ್ನು ಬಿಟ್ಟರೂ ತಪ್ಪು, ತೋಡಿಸಿದರೂ ತಪ್ಪು. "ಅಣ್ಣಾ, ಇಷ್ಟು ದೂರ ಕುಂತು ಇದನ್ನ ಹೇಳಾಕ ಬರಂಗಿಲ್ಲ" ಎಂದೆ, ಕಾರಣವನ್ನೂ ಬಿಡಿಸಿ ಹೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾದ್ರ ನಿನ್ನ ಆ ನಕ್ಷಾ ಯಾತಕ್ಕ ಬೇಕು?" ಎಂದ. ವ್ಯಂಗ್ಯವಲ್ಲ, ನಿಜವಾಗಿಯೇ ಕೇಳಿದ.

ನಾನು ಮುಳುಗಿದ ಓಣಿಯ ಕತೆ ಹೇಳಿದೆ. ಇರುವುದನ್ನಷ್ಟೇ ಬರೆಯಬೇಕು, ಹೋದ ಮೇಲೆ ಬರೆಯಲು ಬಿಡುವುದಿಲ್ಲ ಎಂಬ ನಿಯಮವನ್ನೂ ಹೇಳಿದೆ. ಅವನು ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಓದಿದವನು. ನನಗೆ ಹೊಳೆಯದೇ ಇದ್ದದ್ದು ಅವನಿಗೆ ಹೊಳೆಯಿತು.

"ಹಂಗಿದ್ರ ಈಗ ಐತಲ್ಲ, ಇದ್ದಾಗನ ಬರೀ."

ಅಂದಿನಿಂದ ಅವನು ಸಂಜೆ ಹೊಲದಿಂದ ಮರಳುವ ಮೊದಲು ಒಂದೊಂದು ಕಡೆ ನಿಂತು, ಫೋನು ತೋರಿಸುವ ಅಕ್ಷಾಂಶ ರೇಖಾಂಶವನ್ನು ಕಳಿಸುತ್ತಾನೆ. ಅವನ ಮೊಮ್ಮಗಳು ಕೂಡ ಇರುತ್ತಾಳೆ, ಟೈಪ್ ಮಾಡುವವಳು ಅವಳೇ. ಬೇರೆ ನಕ್ಷೆಯ ನಕಲಿಲ್ಲ, ಪರಂಪರೆಯ ನೆನಪೂ ಇಲ್ಲ. ಸ್ವತಃ ಕಾಲಿಟ್ಟು ನಿಂತವನ ಸಾಕ್ಷಿ. ಇದಕ್ಕಿಂತ ನಿಯಮಬದ್ಧವಾದದ್ದು ಇನ್ನೇನು ಬೇಕು? ನಾನು ಮಣಿಕೊಂಡದಲ್ಲಿ ಕೂತು ಅದನ್ನು ಏರಿಸುತ್ತೇನೆ. ಕರ್ನಾಟಕದಲ್ಲಿ ಸರ್ವೆ ನಂಬರು ತೋರಿಸಲು ಸರ್ಕಾರದ 'ದಿಶಾಂಕ್' ಇದೆ. ಅಲ್ಲಿ ಅಣ್ಣನ ಹೊಲ ಒಂದು ಸಂಖ್ಯೆ. ಪರಿಹಾರ ಕೊಡುವಾಗ ಆ ಸಂಖ್ಯೆಯೇ ಮುಖ್ಯ, ಅದನ್ನು ನಾನು ಬಲ್ಲೆ. ಆದರೆ ಹೊಲಕ್ಕೆ ಹೋಗುವ ದಾರಿ, ದಾರಿಯ ಪಕ್ಕದ ದುರಗವ್ವನ ಗುಡಿ, ಎರಡು ಊರಿನವರು ನೀರು ಸೇದಿದ ಬಾವಿ, ದಸರೆಯಲ್ಲಿ ಬಂಗಾರ ತರುವ ಬನ್ನಿ ಮರ, ಇವುಗಳಿಗೆ ಉತಾರಿನಲ್ಲಿ ಜಾಗವಿಲ್ಲ. ಇಲ್ಲಿ ಇದೆ.

ಮನೆಯವಳು ಕೇಳಿದಳು, "ನಾಳೆ ಮುಳುಗಿದ್ರ ಅವನ್ನ ಅಳಿಸಬೇಕಾಗತೈತೇನು?"

ಹೌದು, ಅಳಿಸಬೇಕಾಗುತ್ತದೆ. ಆದರೆ ಈ ನಕ್ಷೆಯಲ್ಲಿ ಬರೆದದ್ದಕ್ಕೂ ಅಳಿಸಿದ್ದಕ್ಕೂ ದಾಖಲೆ ಉಳಿಯುತ್ತದೆ. ಯಾವ ದಿನ ಯಾರು ಬರೆದರು, ಯಾವ ದಿನ ಯಾರು ತೆಗೆದರು ಎಂಬುದನ್ನು ಯಾರಾದರೂ ತೆರೆದು ನೋಡಬಹುದು. ನಮ್ಮ ಓಣಿ ಹೋಗುವಾಗ ಅಷ್ಟೂ ಇರಲಿಲ್ಲ.

ನಿನ್ನೆ ಅಣ್ಣ ಕಳಿಸಿದ್ದು ಹಳ್ಳದ ಒಂದು ದಾಟು. ಮಳೆಗಾಲದಲ್ಲಿ ಎತ್ತು ಹೊಡೆದುಕೊಂಡು ದಾಟುವ ಜಾಗ. ಅದರ ಹೆಸರೇನೆಂದು ಕೇಳಿದೆ. ಹೆಸರಿಲ್ಲ, ಎಲ್ಲರೂ 'ದಾಟು' ಅಂತಲೇ ಅಂತಾರೆ ಎಂದ. ಕನ್ನಡದ ಖಾನೆಯಲ್ಲಿ 'ದಾಟು' ಎಂದೇ ಬರೆದಿದ್ದೇನೆ.